ನಲ್ಲಮಲೆಯ ಬೀಗರು

ಹೋಳಿ ಹುಣ್ಣಿವೆಯ ಬೂದಿ ಆರುವ ಹೊತ್ತಿಗೆ ತುಬಚಿಯಲ್ಲಿ ಎರಡು ಕೆಲಸ ಮುಗಿದಿರುತ್ತವೆ. ಕಬ್ಬು ಫ್ಯಾಕ್ಟರಿಗೆ ಹೋಗಿ ಕುಳೆಗೆ ನೀರು ಬಿಟ್ಟಾಗಿರುತ್ತದೆ. ಮನೆಯ ಹೆಣ್ಣುಮಕ್ಕಳು ಕಟಕ ರೊಟ್ಟಿ ಬಡಿದು, ಬಿಳಿ ಅರಿವೆಯಲ್ಲಿ ಸುತ್ತಿ, ಶೇಂಗಾ ಚಟ್ನಿಯನ್ನು ಡಬ್ಬಿಗೆ ಒತ್ತಿ ತುಂಬಿಟ್ಟಿರುತ್ತಾರೆ. ಇನ್ನುಳಿದದ್ದು ಹೊರಡುವುದು. ಎಲ್ಲಿಗೆ ಅಂತ ಕೇಳಿದರೆ ಶ್ರೀಶೈಲ ಅನ್ನುವ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ‘ಮಲ್ಲಯ್ಯಗ ಹೊಂಟೇವ್ರಿ’ ಅನ್ನುತ್ತಾರೆ, ಬೀಗರ ಊರಿಗೆ ಹೊರಟವರ ಹಾಗೆ.

ಬೀಗರು ಅಂತ ನಾನು ಸುಮ್ಮನೆ ಬರೆಯಲಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಮನೆಗಳಲ್ಲಿ ಶ್ರೀಶೈಲದ ಭ್ರಮರಾಂಬೆ ನಮ್ಮ ಮನೆಮಗಳು. ಮಲ್ಲಯ್ಯ ಅಳಿಯ. ಯುಗಾದಿಗೆ ಮಗಳ ಮನೆಗೆ ಬರಿಗೈಲಿ ಹೋಗುವ ತವರು ಎಲ್ಲಾದರೂ ಉಂಟೆ? ಹಾಗಾಗಿ ಗಂಟಿನೊಳಗೆ ಸೀರೆ, ಕುಪ್ಪಸದ ಖಣ, ಅರಿಸಿನ ಕುಂಕುಮ, ಬಳೆ. ಈ ಬೀಗತನವನ್ನು ನಾವೊಬ್ಬರೇ ಹೇಳಿಕೊಳ್ಳುತ್ತಿಲ್ಲ, ಆ ಕಾಡಿನೊಳಗೆ ಇನ್ನೊಂದು ಕುಲವೂ ಮಲ್ಲಯ್ಯನನ್ನು ಅಳಿಯ ಅನ್ನುತ್ತದೆ. ಅದು ಗೊತ್ತಾಗುವುದಕ್ಕೆ ನನಗೆ ಮೂರು ಯಾತ್ರೆ ಬೇಕಾದವು.

ನಮ್ಮೂರು ಹೊಳೆದಂಡೆಯ ಊರು. ತುಬಚಿಯ ಹೆಸರು ಪೇಪರಿನಲ್ಲಿ ಬರುವುದೇ ನೀರಿನ ಕಾರಣಕ್ಕೆ: ಒಂದೋ ಕೃಷ್ಣೆ ಏರಿದಾಗ, ಇಲ್ಲವೋ ತುಬಚಿ-ಬಬಲೇಶ್ವರ ಏತ ನೀರಾವರಿಯ ಸುದ್ದಿ ಬಂದಾಗ. ಎರೆಹೊಲ, ಕಬ್ಬಿನ ಪಡ, ಪಂಪ್‌ಸೆಟ್ಟಿನ ಪೈಪು. ಗುಡ್ಡ ಅಂದರೆ ನಮಗೆ ಜಮಖಂಡಿಯ ರಾಮತೀರ್ಥದ ಏರು, ಅಷ್ಟೇ. ಇಂಥ ನೆಲದ ಮನುಷ್ಯ ವರ್ಷಕ್ಕೊಮ್ಮೆ ನಾಲ್ಕುನೂರು ಕಿಲೋಮೀಟರಿಗೂ ಮಿಕ್ಕಿ ನಡೆದು, ಹುಲಿ ಇರುವ ಕಾಡನ್ನು ಹೊಕ್ಕು, ಕೊಳ್ಳ ಇಳಿದು ಹತ್ತಿ, ಆಚೆ ಬದಿಯಲ್ಲಿ ತಲೆಯೆತ್ತುತ್ತಾನೆ. ಅವನ ಕೈಯಲ್ಲಿ ನಕಾಶೆ ಇಲ್ಲ. ಇತ್ತೀಚೆಗೆ ಮೊಬೈಲ್ ಇದೆ, ಆದರೆ ಆ ಅಡವಿಯ ನಡುವೆ ಅದರ ಉಪಯೋಗ ಟಾರ್ಚಿನಷ್ಟೇ. ಹಾಗಾದರೆ ದಾರಿ ತೋರಿಸುವವರು ಯಾರು?

ಮೊದಲು ಕಂಬಿ. ಕಂಬಿ ಅಂದರೆ ಹೆಗಲ ಮೇಲೆ ಹೊರುವ, ಸಿಂಗರಿಸಿದ ಅಡ್ಡೆ. ಅದನ್ನು ಹೊತ್ತ ಐಗೋಳು, ಅಂದರೆ ಜಂಗಮರು, ಮುಂದೆ, ಊರು ಹಿಂದೆ. ಕಂಬಿಯನ್ನು ಹಿಂದಿಕ್ಕಿ ಯಾರೂ ನಡೆಯಬಾರದು ಅನ್ನುವುದು ಮಡಿಯ ಮಾತು ಅಂತ ಬಹಳ ದಿನ ತಿಳಿದಿದ್ದೆ. ಎರಡನೆಯ ವರ್ಷ, ಬೆರಳ ಸಂದಿಯಲ್ಲಿ ಗುಳ್ಳೆ ಎದ್ದು ಕುಂಟುತ್ತಿದ್ದಾಗ ಅದರ ಇನ್ನೊಂದು ಅರ್ಥ ಹೊಳೆಯಿತು. ಕಂಬಿ ಹೊತ್ತವರ ಹೆಗಲ ಮೇಲೆ ಭಾರ ಇದೆ, ಅವರು ಓಡಲಾರರು. ಅವರ ಹೆಜ್ಜೆಗೆ ಇಡೀ ದಂಡು ಕಟ್ಟುಬಿದ್ದಿದೆ. ಅಂದರೆ ಇಪ್ಪತ್ತು ವರ್ಷದ ಪೈಲ್ವಾನನೂ ಎಪ್ಪತ್ತರ ಮುದುಕಿಯೂ ಒಂದೇ ವೇಗದಲ್ಲಿ ನಡೆಯುತ್ತಾರೆ, ಯಾರೂ ಹಿಂದೆ ಬೀಳುವುದಿಲ್ಲ. ಪರ್ವತಾರೋಹಣದ ಶಾಲೆಗಳಲ್ಲಿ ಇದನ್ನೇ ಪಾಠ ಮಾಡಿ ಹೇಳುತ್ತಾರೆ, ತಂಡದ ನಡಿಗೆ ನಿಧಾನದವನ ನಡಿಗೆ ಆಗಬೇಕು ಅಂತ. ನಮ್ಮ ಹಿರಿಯರು ದೇವರನ್ನೇ ಹೆಗಲ ಮೇಲೆ ಕೂರಿಸಿ ಪಾಠದ ಗೊಡವೆಯನ್ನೇ ತಪ್ಪಿಸಿದರು.

ಕಂಬಿಯ ಜೊತೆ ಪ್ರತಿ ಓಣಿಯಿಂದ ಒಬ್ಬಿಬ್ಬರು ಹಳಬರಿರುತ್ತಾರೆ. ನನಗೆ ಸಿಕ್ಕ ಹಳಬರು ನಮ್ಮ ಪಕ್ಕದ ಮನೆಯ ಕಾಕಾ. ಇಪ್ಪತ್ತಕ್ಕೂ ಹೆಚ್ಚು ಸಲ ನಡೆದವರು. ಅವರ ಮಾತು ಕಡಿಮೆ, ಆಡಿದರೆ ಕಾಲಿನ ಬಗ್ಗೆಯೇ. ‘ತಮ್ಮಾ, ಮೊದಲ್ನೇ ದಿನ ಓಡಿದಾಂವ ಮೂರ್ನೇ ದಿನ ಕುಂಡ್ರತಾನ.’ ಗುಳ್ಳೆ ಎದ್ದರೆ ಚರ್ಮ ಕೀಳಬಾರದು. ಸೂಜಿಗೆ ದಾರ ಪೋಣಿಸಿ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಿಸಿ, ದಾರವನ್ನು ಅಲ್ಲೇ ಬಿಡಬೇಕು. ನೀರು ದಾರ ಹಿಡಿದು ತಾನೇ ಇಳಿಯುತ್ತದೆ. ಹೊಸ ಚಪ್ಪಲಿ ಮೆಟ್ಟಿ ಬಂದವನು ಮೂರ್ಖ. ನಸುಕಿನ ಎರಡು ಮೂರು ಗಂಟೆಗೆ ಏಳಬೇಕು, ಬಿಸಿಲು ನೆತ್ತಿಗೇರುವ ಮುಂಚೆ ದಿನದ ದಾರಿಯ ಬಹುಪಾಲು ಮುಗಿದಿರಬೇಕು. ಮಧ್ಯಾಹ್ನ ಮರದ ಬುಡದಲ್ಲಿ ಮಲಗಿದವನನ್ನು ಸೋಮಾರಿ ಅನ್ನಬಾರದು, ಸಂಜೆಗೆ ನಡೆಯುವವನು ಅವನೇ.

ದಾರಿ ಒಂದೊಂದು ಕಂಬಿಗೆ ಒಂದೊಂದು. ಬಹಳಷ್ಟು ಜನ ಲಿಂಗಸುಗೂರು, ರಾಯಚೂರು ಸೀಮೆ ಹಾಯ್ದು ತುಂಗಭದ್ರೆ ದಾಟಿ ಕರ್ನೂಲು, ಆತ್ಮಕೂರಿನತ್ತ ತಿರುಗುತ್ತಾರೆ. ಬಯಲಿನ ಈ ದಾರಿಯ ಬಗ್ಗೆ ಹೆಚ್ಚು ಬರೆಯಲಾರೆ, ಎಲ್ಲರಿಗೂ ಗೊತ್ತಿರುವುದೇ. ಊರೂರಲ್ಲಿ ದಾಸೋಹದ ಚಪ್ಪರ, ಮಜ್ಜಿಗೆಯ ಬ್ಯಾರಲ್ಲು, ಕಲ್ಲಂಗಡಿ ಹೋಳು, ಕಾಲು ನೀವಿ ಎಣ್ಣೆ ಹಚ್ಚಲು ಸಾಲಾಗಿ ಕೂತ ಗೊತ್ತಿಲ್ಲದ ಹುಡುಗರು. ಒಂದೂರಲ್ಲಿ ಮುದುಕಿಯೊಬ್ಬರು ನನ್ನ ಕಾಲು ಹಿಡಿದಾಗ ಎಳೆದುಕೊಂಡೆ. ‘ನಿನ್ನ ಕಾಲಲ್ಲೋ ಯಪ್ಪಾ, ಮಲ್ಲಯ್ಯನ ದಾರೀ ಧೂಳು’ ಅಂದರು. ಮರಗಾಲು ಕಟ್ಟಿಕೊಂಡು ಹೋಗುವವರೂ ಈ ದಾರಿಯಲ್ಲೇ ಸಿಗುತ್ತಾರೆ. ನೆಲದಿಂದ ಅಷ್ಟೆತ್ತರದಲ್ಲಿ, ಎರಡು ಕೋಲಿನ ಮೇಲೆ, ಟಾರು ರಸ್ತೆಯಲ್ಲಿ ಟಕ್ ಟಕ್ ಅಂತ. ಅವರನ್ನು ಕಂಡಾಗ ನಮ್ಮ ಗುಳ್ಳೆಯ ನೋವು ಹೇಳಿಕೊಳ್ಳಲು ನಾಚಿಕೆ ಆಗುತ್ತದೆ.

ಇನ್ನೊಂದು ಮಾತನ್ನು ಮಾತ್ರ ಬಿಡುವಂತಿಲ್ಲ. ಶ್ರೀಶೈಲಕ್ಕೆ ನಾಲ್ಕು ದಿಕ್ಕಿನ ಬಾಗಿಲು ಅಂತ ಹೇಳುವ ರೂಢಿ ಇದೆ: ಮೂಡಣಕ್ಕೆ ತ್ರಿಪುರಾಂತಕ, ತೆಂಕಣಕ್ಕೆ ಸಿದ್ಧವಟ, ಬಡಗಣಕ್ಕೆ ಉಮಾಮಹೇಶ್ವರ, ಪಡುವಣಕ್ಕೆ ಅಲಂಪುರ. ಪಡುವಣ ಬಾಗಿಲಾದ ಅಲಂಪುರದ ನವಬ್ರಹ್ಮ ಗುಡಿಗಳನ್ನು 7-8ನೇ ಶತಮಾನದಲ್ಲಿ ಕಟ್ಟಿಸಿದವರು ಬಾದಾಮಿ ಚಾಲುಕ್ಯರು. ಅಂದರೆ ಬಾದಾಮಿಯೂ ಸೇರಿದ ನಮ್ಮ ಜಿಲ್ಲೆಯವರು ಆ ದಿಕ್ಕಿಗೆ ಹೋಗುವುದು ಇವತ್ತು ನಿನ್ನೆಯ ಚಟ ಅಲ್ಲ.

ಆತ್ಮಕೂರು ಕಳೆದು ವೆಂಕಟಾಪುರ ಬರುತ್ತದೆ. ಅಲ್ಲಿಗೆ ಹೊಲ ಮುಗಿಯಿತು. ಮುಂದೆ ನಿಂತಿರುವುದು ನಲ್ಲಮಲೆ. ತೆಲುಗಿನಲ್ಲಿ ನಲ್ಲ ಅಂದರೆ ಕಪ್ಪು. ಕೃಷ್ಣೆಗೂ ಪೆನ್ನೆಗೂ ನಡುವೆ ಉದ್ದಕ್ಕೆ ಮಲಗಿರುವ ಪೂರ್ವಘಟ್ಟದ ಸಾಲು ಇದು. ಸಹ್ಯಾದ್ರಿಯ ಹಸಿರು ಕಲ್ಪಿಸಿಕೊಂಡು ಬಂದವರಿಗೆ ನಿರಾಸೆ ಕಾದಿದೆ. ಮಾರ್ಚ್ ತಿಂಗಳ ನಲ್ಲಮಲೆ ಎಲುಬು ತೋರಿಸಿ ನಿಂತ ಎತ್ತಿನಂತೆ. ಎಲೆ ಉದುರಿದ ತೇಗ, ಬಿದಿರ ಮೆಳೆ, ಅಲ್ಲಲ್ಲಿ ಬೆಂಕಿ ಹೊತ್ತಿದ ಹಾಗೆ ಮುತ್ತುಗದ ಹೂ. ತೇಗದ ತರಗೆಲೆ ಕಾಲಡಿಯಲ್ಲಿ ಹಪ್ಪಳದಂತೆ ಮುರಿಯುತ್ತದೆ. ನೆರಳು ಹುಡುಕಿದರೂ ಇಲ್ಲ. ಹಳ್ಳಗಳಲ್ಲಿ ಬರೀ ಕಲ್ಲು. ರಾಜ್ಯ ಒಡೆಯುವ ಮುಂಚೆ 3,568 ಚದರ ಕಿಲೋಮೀಟರಿನ ನಾಗಾರ್ಜುನಸಾಗರ-ಶ್ರೀಶೈಲ ಹುಲಿ ರಕ್ಷಿತಾರಣ್ಯ ದೇಶದಲ್ಲೇ ದೊಡ್ಡದೆಂದು ಹೆಸರಾಗಿತ್ತು. ತೆಲಂಗಾಣ ಬೇರೆಯಾದ ಮೇಲೆ ಕೃಷ್ಣೆಯಾಚೆಯ ಭಾಗ ಅಮ್ರಾಬಾದ್ ಆಯಿತು, ನಾವು ನಡೆಯುವ ಭಾಗ ಆಂಧ್ರದಲ್ಲಿ ಉಳಿಯಿತು. ಹುಲಿ, ಚಿರತೆ, ಕರಡಿ ಮೂರೂ ಇವೆ. ನಾನು ಕಂಡದ್ದು ಕರಡಿ ಕೆದಕಿದ ಹುತ್ತ ಮಾತ್ರ. ಕಾಕಾ ಅದನ್ನು ಕಣ್ಣಲ್ಲೇ ತೋರಿಸಿ, ಬಾಯಿಗೆ ಬೆರಳಿಟ್ಟು ಮುಂದೆ ನಡೆದರು.

ಇದು ವರ್ಷವಿಡೀ ತೆರೆದಿರುವ ದಾರಿಯಲ್ಲ. ಶಿವರಾತ್ರಿಗೂ ಯುಗಾದಿಗೂ ಅರಣ್ಯ ಇಲಾಖೆ ಬಿಡುತ್ತದೆ. ದೇವಸ್ಥಾನದವರು ನೀರಿನ ಟ್ಯಾಂಕು, ಚಪ್ಪರ, ಔಷಧದ ಟೇಬಲ್ಲು ಹಾಕಿರುತ್ತಾರೆ. ವೆಂಕಟಾಪುರದಿಂದ ಮೊದಲ ಗುಕ್ಕು ನಾಗಲೂಟಿ. ಅಲ್ಲಿ ಕಾಡಿನ ನಡುವೆ ಹಳೆಯ ವೀರಭದ್ರನ ಗುಡಿ, ಮುಂದಕ್ಕೆ ಕಲ್ಲುಮೆಟ್ಟಿಲ ಏರು. 14ನೇ ಶತಮಾನದಲ್ಲಿ ರೆಡ್ಡಿ ಅರಸ ಪ್ರೋಲಯ ವೇಮರೆಡ್ಡಿ ಶ್ರೀಶೈಲಕ್ಕೂ ಅಹೋಬಲಕ್ಕೂ ಮೆಟ್ಟಿಲು ಕಟ್ಟಿಸಿದ ಅನ್ನುತ್ತದೆ ಚರಿತ್ರೆ. ಏಳು ಶತಮಾನದ ಹೆಜ್ಜೆಗಳಿಗೆ ನಡುವೆ ಸವೆದು ಅಂಚು ಉಳಿದಿರುವ ಕಲ್ಲುಗಳೂ ಇವೆ, ನಿನ್ನೆ ಸಿಮೆಂಟು ಮೆತ್ತಿದವೂ ಇವೆ. ಸವೆದ ಕಲ್ಲಿನ ಮೇಲೆಯೇ ಕಾಲು ನಿಲ್ಲುತ್ತದೆ, ಹೊಸದರ ಮೇಲೆ ಜಾರುತ್ತದೆ. ಯಾಕೋ ಗೊತ್ತಿಲ್ಲ.

ನಾಗಲೂಟಿಯಿಂದ ಪೆದ್ದಚೆರುವು. ಹೆಸರೇ ಹೇಳುವ ಹಾಗೆ ದೊಡ್ಡ ಕೆರೆ. ಅಲ್ಲಿ ನೀರಿದೆ, ನೀರಿದ್ದಲ್ಲಿ ಮನೆಗಳಿವೆ, ಮನೆಗಳು ಕಾಡಿನ ಬುಡಕಟ್ಟಾದ ಚೆಂಚುಗಳವು. ಅಲ್ಲಿಂದ ಮುಂದೆ ತೆಲುಗಿನವರ ಭೀಮುನಿ ಕೊಲನು, ನಮ್ಮವರ ಭೀಮನ ಕೊಳ್ಳ. ಇಡೀ ಯಾತ್ರೆಯ ಪರೀಕ್ಷೆ ಇದೇ. ನೆಲ ಇದ್ದಕ್ಕಿದ್ದಂತೆ ಬಾಯಿ ಬಿಡುತ್ತದೆ. ಕೆಳಗೆ ಇಳಿಯಬೇಕು, ತಳದಲ್ಲಿ ಉಸಿರು ತಿರುಗಿಸಿಕೊಳ್ಳಬೇಕು, ಎದುರಿನ ಗೋಡೆಯಂಥ ಏರನ್ನು ಹತ್ತಬೇಕು. ಇಳಿಯುವಾಗ ಮೊಣಕಾಲು ಅಳುತ್ತದೆ, ಹತ್ತುವಾಗ ಎದೆ. ಹತ್ತಿದರೆ ಕೈಲಾಸದ್ವಾರ. ಅಲ್ಲಿಂದ ಹಾಟಕೇಶ್ವರದ ಕಡೆಗೆ ರಸ್ತೆ, ಬಸ್ಸಿನ ಹಾರ್ನು, ತೆಂಗಿನಕಾಯಿ ಅಂಗಡಿ. ಕೊಳ್ಳದಲ್ಲಿ ‘ಉಘೇ ಮಲ್ಲಯ್ಯ’ ಅಂತ ಒಬ್ಬ ಕೂಗಿದರೆ ಎದುರು ಗೋಡೆ ತಿರುಗಿ ಕೂಗುತ್ತದೆ, ಅದಕ್ಕೆ ಹಿಂದಿನ ದಂಡು ಓಗೊಡುತ್ತದೆ. ಕತ್ತಲಲ್ಲಿ ಮುಂದಿನವರು ಎಷ್ಟು ದೂರದಲ್ಲಿದ್ದಾರೆ ಅನ್ನುವುದು ಆ ಕೂಗಿನಿಂದಲೇ ತಿಳಿಯುವುದು. ಭಕ್ತಿಯ ಘೋಷದಲ್ಲಿ ದಾರಿಯ ಲೆಕ್ಕವೂ ಸೇರಿಕೊಂಡಿದೆ.

ಈ ಕಾಡಿನಲ್ಲಿ ದಾರಿ ತಪ್ಪಿದ ಮೊದಲ ಕನ್ನಡಿಗ ಒಬ್ಬ ಹುಡುಗ. ಸೊನ್ನಲಿಗೆಯ ಸಿದ್ಧರಾಮ. ರಾಘವಾಂಕ 13ನೇ ಶತಮಾನದಲ್ಲಿ ಬರೆದ ‘ಸಿದ್ಧರಾಮ ಚಾರಿತ್ರ’ದಲ್ಲಿ ಕಥೆ ಬರುತ್ತದೆ. ಹೊಲ ಕಾಯುವ ಹುಡುಗನ ಬಳಿ ಜಂಗಮನೊಬ್ಬ ಬಂದು, ತನ್ನ ಹೆಸರು ಮಲ್ಲಯ್ಯ, ಊರು ಶ್ರೀಶೈಲ ಎಂದು ಹೇಳಿ ಉಣ್ಣಲು ಕೇಳುತ್ತಾನೆ. ಹುಡುಗ ಮನೆಗೆ ಓಡಿ ಅನ್ನ ಮಜ್ಜಿಗೆ ತರುವಷ್ಟರಲ್ಲಿ ಅವನಿಲ್ಲ. ಅಳುತ್ತಾ ಶ್ರೀಶೈಲದ ಯಾತ್ರಿಕರ ಬೆನ್ನು ಹತ್ತುತ್ತಾನೆ. ಅವರು ಗುಡಿಯ ಲಿಂಗ ತೋರಿಸಿ ಇವನೇ ಮಲ್ಲಯ್ಯ ಅಂದರೆ ಒಪ್ಪುವುದಿಲ್ಲ, ತನ್ನ ಮಲ್ಲಯ್ಯ ಮಾತಾಡುವವನು ಅನ್ನುತ್ತಾನೆ. ಕಾಡೆಲ್ಲ ಕೂಗಿ ಅಲೆದು ಕೊನೆಗೆ ಕೊರಕಲಿಗೆ ಹಾರಹೊರಟಾಗ ದೇವರು ಕೈ ಹಿಡಿಯುತ್ತಾನೆ. ಭೀಮನ ಕೊಳ್ಳದ ಅಂಚಿನಲ್ಲಿ ಕೂತಾಗೆಲ್ಲ ನನಗೆ ನೆನಪಾಗುವುದು ಪವಾಡ ಅಲ್ಲ. ಗೊತ್ತಿಲ್ಲದ ಹುಡುಗನನ್ನು ಯಾರ ಮಗ ಅಂತ ವಿಚಾರಿಸದೆ ತಮ್ಮ ಜೊತೆ ನಡೆಸಿಕೊಂಡು ಬಂದ ಆ ಯಾತ್ರಿಕರು. ಅವರ ಹೆಸರನ್ನು ಕವಿ ಹೇಳಲಿಲ್ಲ.

ಅಕ್ಕಮಹಾದೇವಿಯೂ ಈ ಮಲೆಗೇ ಬಂದಳು. ಅವಳಿಗೆ ದಾರಿ ತೋರಿಸಿದವರು ಯಾರು ಅಂತ ಯಾವ ಪುರಾಣವೂ ಕೇಳಿಕೊಂಡಿಲ್ಲ.

ನಾನು ದಾರಿ ತಪ್ಪಿದ್ದು ಮೂರನೆಯ ಯಾತ್ರೆಯಲ್ಲಿ, ಹಗಲಿನಲ್ಲೇ, ಪೆದ್ದಚೆರುವಿನ ಈಚೆಗೆ. ಕಾರಣ ನನ್ನದೇ ಅವಸರ. ದಂಡು ಸುತ್ತಿ ಹೋಗುತ್ತಿದೆ, ಈ ಕಾಲುದಾರಿ ನೇರ ಇದೆ ಅನ್ನಿಸಿತು. ಅರ್ಧ ತಾಸಿಗೆ ಕೂಗು ಕಿವಿಗೆ ಬೀಳದಾಯಿತು. ಒಂದು ತಾಸಿಗೆ ಬಾಟಲಿ ಬರಿದಾಯಿತು. ತೇಗದ ಕಾಡಿನಲ್ಲಿ ಎಲ್ಲ ದಿಕ್ಕೂ ಒಂದೇ ಥರ. ಕಬ್ಬಿನ ಪಡದೊಳಗೆ ಹೊಕ್ಕ ಕುರಿಮರಿಯ ಗತಿ ನನ್ನದು. ಆಗ ಕಂಡವಳು ಒಬ್ಬ ಹೆಂಗಸು, ಜೊತೆಗೆ ಏಳೆಂಟು ವರ್ಷದ ಮಗ. ಇಪ್ಪೆಮರದ ಬುಡದಲ್ಲಿ ಬಿದ್ದ ಹೂ ಆಯುತ್ತಿದ್ದರು. ನನ್ನನ್ನು ನೋಡಿ ಬೆಚ್ಚಲಿಲ್ಲ. ಮಾರ್ಚ್ ತಿಂಗಳಲ್ಲಿ ಹೀಗೆ ಬಾಯೊಣಗಿ ಬರುವ ಕನ್ನಡದವರನ್ನು ಎಷ್ಟು ಕಂಡಿದ್ದಳೋ. ನಾನು ಕೈಸನ್ನೆ ಮಾಡಿ ಎಷ್ಟು ದೂರ ಅಂತ ಕೇಳಿದೆ. ಅವಳು ಕಿಲೋಮೀಟರು ಹೇಳಲಿಲ್ಲ, ತಾಸೂ ಹೇಳಲಿಲ್ಲ. ‘ನೀಳ್ಳು’ ಅಂದಳು, ನೀರು. ಮೊದಲ ನೀರು ಅಲ್ಲಿ, ಎರಡನೆಯ ನೀರು ಆಚೆಗೆ, ಎರಡನೆಯ ನೀರಿನ ಹತ್ತಿರ ನಿಮ್ಮ ಜನ. ಮಗನನ್ನು ಜೊತೆಗೆ ಅಟ್ಟಿದಳು. ಹುಡುಗ ಬರಿಗಾಲಲ್ಲಿ ಮುಂದೆ ಮುಂದೆ ಓಡಿ, ನಿಂತು, ನಾನು ಬಂದ ಮೇಲೆ ಮತ್ತೆ ಓಡಿ, ದಂಡಿನ ಕೂಗು ಕೇಳಿಸುವ ಜಾಗದಲ್ಲಿ ತಟಕ್ಕನೆ ನಿಂತುಬಿಟ್ಟ. ಅಲ್ಲಿಂದ ಮುಂದೆ ಬರಲಿಲ್ಲ. ರೊಟ್ಟಿ ಕೊಟ್ಟೆ, ತಗೊಂಡ. ಹತ್ತರ ನೋಟು ಕೊಟ್ಟೆ, ಅದನ್ನೂ ತಗೊಂಡ. ನಕ್ಕ.

ಆ ತಾಯಿ ಮಗನಂಥ ಚೆಂಚುಗಳು ಆ ಕಾಡಿನ ಮೂಲದವರು. ತೆಲುಗು ಆಡುತ್ತಾರೆ, ಗೂಡೆಂ, ಪೆಂಟ ಅನ್ನುವ ಸಣ್ಣ ಸಣ್ಣ ಹಾಡಿಗಳಲ್ಲಿ ಇರುತ್ತಾರೆ. ಬೇಟೆ, ಗೆಡ್ಡೆಗೆಣಸು, ಜೇನು, ಇಪ್ಪೆ ಹೂ, ಮರದ ಅಂಟು ಇವರ ಹಳೆಯ ಜೀವನ. ವಿಶೇಷ ದುರ್ಬಲ ಬುಡಕಟ್ಟು ಅಂತ ಸರ್ಕಾರ ಗುರುತಿಸಿದ 75ರಲ್ಲಿ ಇವರೂ ಒಬ್ಬರು. ಕೃಷ್ಣೆಯ ಆಚೆ ದಂಡೆಯ ಚೆಂಚುಗಳ ಜೊತೆ ಇದ್ದು ಫ್ಯೂರರ್-ಹೈಮೆನ್‌ಡಾರ್ಫ್ ಅನ್ನುವ ಆಸ್ಟ್ರಿಯಾದ ವಿದ್ವಾಂಸ 1943ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದ. ಅದಕ್ಕೂ ಮುಂಚೆ, 1909ರಲ್ಲಿ ಬಂದ ಥರ್ಸ್ಟನ್ನನ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲೂ ಇವರ ಮಾತಿದೆ. ಹಳೆಯ ಕಾಗದಪತ್ರಗಳ ಚೆಂಚುಗಳಿಗೆ ಎರಡು ಮುಖ. ಒಂದರಲ್ಲಿ ಇವರು ಘಟ್ಟದ ತಳವಾರರು, ಕಣಿವೆ ಕಾಯುವವರು. ಇನ್ನೊಂದರಲ್ಲಿ ಶ್ರೀಶೈಲದ ಯಾತ್ರಿಕರಿಂದ ಕಾಸು ಎತ್ತುವವರು. ದೊರೆಗಳ ಕಣ್ಣಿಗೆ ಎರಡನೆಯದು ಸುಲಿಗೆಯ ಹಾಗೆ ಕಂಡಿರಬೇಕು. ನನಗೆ ಹಾಗನ್ನಿಸುವುದಿಲ್ಲ. ಯಾರ ಅಂಗಳ ಹಾಯ್ದು ಹೋಗುತ್ತೀರೋ ಅವರಿಗೆ ಕೈಯೆತ್ತಿ ಕೊಡುವುದು ಬಯಲು ಸೀಮೆಯಲ್ಲೂ ಇದ್ದ ರೂಢಿಯೇ. ನಮ್ಮೂರ ತಳವಾರನಿಗೆ ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಿದ್ದೆವಲ್ಲ, ಅದನ್ನು ಯಾರೂ ಸುಲಿಗೆ ಅನ್ನಲಿಲ್ಲ.

ಈಗ ಬೀಗತನದ ಮಾತಿಗೆ ಬರುತ್ತೇನೆ. ಚೆಂಚುಗಳ ಕಥೆಯಲ್ಲಿ ಮಲ್ಲಿಕಾರ್ಜುನ ಬೇಟೆಗೆಂದು ಕಾಡಿಗೆ ಬಂದವನು, ಚೆಂಚು ಹುಡುಗಿಯನ್ನು ಕಂಡು ಮನಸೋತು ಅವಳನ್ನು ಮದುವೆಯಾದವನು. ಆಮೇಲೆ ಅವನು ಚೆಂಚು ಮಲ್ಲಯ್ಯ, ಅವರ ಅಳಿಯ. ನಾವು ನಮ್ಮ ಮಗಳನ್ನು ಕೊಟ್ಟಿದ್ದೇವೆ ಅಂತ ಸೀರೆ ಹೊತ್ತು ಹೋಗುತ್ತೇವೆ. ಅವರು ನಮ್ಮ ಹುಡುಗಿಯ ಗಂಡ ಅಂತ ತೇರು ಎಳೆಯಲು ಬರುತ್ತಾರೆ. ಒಬ್ಬನೇ ಅಳಿಯನಿಗೆ ಎರಡು ಕಡೆಯ ಮಾವಂದಿರು. ಇದನ್ನು ಕಾಕಾಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ‘ಹಂಗಾದ್ರ ಅವ್ರೂ ನಮಗ ಬೀಗ್ರ ಆದ್ರಲ್ಲೋ, ಇಷ್ಟ ವರ್ಸ ಒಂದ ರೊಟ್ಟೀನೂ ಕೊಟ್ಟಿಲ್ಲ’ ಅಂದರು.

ಚೆಂಚುಗಳ ಜೇನು ಕೀಳುವ ಪದ್ಧತಿಯ ಬಗ್ಗೆ ಒಂದು ಮಾತು ಕೇಳಿದ್ದೇನೆ. ಬಂಡೆಯ ಅಂಚಿನಿಂದ ಬಳ್ಳಿಯ ಹಗ್ಗ ಇಳಿಬಿಟ್ಟು ಒಬ್ಬ ಕೆಳಗೆ ತೂಗಾಡುತ್ತಾ ಹೆಜ್ಜೇನಿನ ಹಲ್ಲೆಗೆ ಕೈ ಹಾಕುತ್ತಾನೆ. ಮೇಲೆ ಹಗ್ಗ ಹಿಡಿದು ನಿಲ್ಲುವವನು ಅವನ ಹೆಂಡತಿಯ ಅಣ್ಣನೋ ತಮ್ಮನೋ ಆಗಿರಬೇಕು. ಸ್ವಂತ ಅಣ್ಣತಮ್ಮನಿಗೆ ಆ ಕೆಲಸ ಕೊಡುವುದಿಲ್ಲವಂತೆ. ದಾಯಾದಿಗೆ ಏನಾದರೂ ಮನಸ್ಸಿನಲ್ಲಿದ್ದೀತು, ತಂಗಿಯನ್ನು ವಿಧವೆ ಮಾಡಲು ಯಾವ ಅಣ್ಣನೂ ಹಗ್ಗ ಬಿಡಲಾರ.

ಕಾಡಿನ ಈ ಬಲ್ಲತನ ದೊಡ್ಡವರಿಗೆ ನೆನಪಾಗುವುದು ಕಷ್ಟ ಬಂದಾಗ. 2009ರ ಸೆಪ್ಟೆಂಬರ್ 2ರಂದು ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರ ಹೆಲಿಕಾಪ್ಟರ್ ಇದೇ ನಲ್ಲಮಲೆಯ ಮೇಲೆ ಮಳೆಮೋಡದಲ್ಲಿ ಕಾಣೆಯಾಯಿತು. ವಾಯುಪಡೆಯ ವಿಮಾನ ಹಾರಿದವು, ಉಪಗ್ರಹದ ಚಿತ್ರ ತೆಗೆಸಿದರು, ಪೊಲೀಸರು ಕಾಡಿಗಿಳಿದರು. ಕಾಡು ಬಲ್ಲ ಬುಡಕಟ್ಟಿನವರನ್ನೂ ಹುಡುಕಾಟಕ್ಕೆ ಕರೆದರು. ಪಾವುರಾಲಗುಟ್ಟದ ಮೇಲೆ ಅವಶೇಷ ಕಂಡದ್ದು ಮರುದಿನ ಬೆಳಿಗ್ಗೆ. ಒಂದು ರಾಜ್ಯದ ಮುಖ್ಯಮಂತ್ರಿಯನ್ನು ಇಡೀ ರಾತ್ರಿ ಬಚ್ಚಿಟ್ಟುಕೊಳ್ಳಬಲ್ಲ ಕಾಡು ಇದು. ನಾವು ಕೊಬ್ಬರಿ ಬೆಲ್ಲ ಮೆಲ್ಲುತ್ತಾ ದಾಟುತ್ತೇವೆ.

ಈಗ ಚೆಂಚುಗಳಲ್ಲಿ ಹಲವರು ಹುಲಿ ಕಾಡಿನ ಕಾವಲುಗಾರರು. ಬೇಸ್ ಕ್ಯಾಂಪುಗಳಲ್ಲಿ ಇದ್ದು ಗಸ್ತು ತಿರುಗುತ್ತಾರೆ, ಹುಲಿಯ ಹೆಜ್ಜೆ ಓದುತ್ತಾರೆ. ಆತ್ಮಕೂರಿನ ಹತ್ತಿರದ ಬೈರ್ಲೂಟಿಯಲ್ಲಿ, ಶ್ರೀಶೈಲದ ದಾರಿಯ ತುಮ್ಮಲಬೈಲಿನಲ್ಲಿ ಅರಣ್ಯ ಇಲಾಖೆಯ ಸಫಾರಿ ಜೀಪುಗಳಿವೆ. ಇಷ್ಟಕಾಮೇಶ್ವರಿಯ ಕಾಡುಗುಡಿಗೂ ಇಲಾಖೆ ಒಪ್ಪಿದ ಜೀಪಿನಲ್ಲೇ ಹೋಗಬೇಕು. ದಾರಿ ತೋರಿಸುವುದು ಹೀಗೆ ಸಂಬಳದ ಕೆಲಸ ಆಗಿದೆ. ತಪ್ಪೇನಿಲ್ಲ, ಆಗಬೇಕಾದದ್ದೇ. ಆದರೆ ಯುಗಾದಿಯ ಪಾದಯಾತ್ರೆಯ ಆ ಕೆಲವು ದಿನ ಲಕ್ಷಾಂತರ ಜನ ಹಾಯುವ ಕಾಲುದಾರಿಯಲ್ಲಿ ಚೆಂಚು ಕಾಣುವುದು ಎಲ್ಲಿ? ನಿಂಬೆ ಶರಬತ್ತಿನ ಅಂಗಡಿಯ ಹಿಂದೆ, ಗುಡಿಸಲ ಬಾಗಿಲಲ್ಲಿ, ನಾವು ಎಸೆದ ಬಾಟಲಿ ಆರಿಸುವ ಮಕ್ಕಳಲ್ಲಿ.

ಎಸೆದ ಬಾಟಲಿಯ ಮಾತು ಬಂತು. ನಮ್ಮ ಮಲೆನಾಡಲ್ಲಿ ಇದೇ ಗೋಳಿಗೆ ಬೇರೆ ಮದ್ದು ಹುಡುಕಿದ್ದಾರೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ 1,712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಜನ ಸಂತೆಯಂತೆ ಸೇರಿದ ವಿಡಿಯೊ ಎಲ್ಲರೂ ನೋಡಿದ್ದಾರೆ. ಸರ್ಕಾರ ಚಾರಣ ನಿಲ್ಲಿಸಿ, ಆನ್‌ಲೈನ್ ಟಿಕೆಟ್ಟು ತಂದು, ದಿನಕ್ಕೆ 300 ಜನ ಅಂತ ಮಿತಿ ಹಾಕಿತು. ಕುದುರೆಮುಖಕ್ಕೆ ಗೈಡ್ ಇಲ್ಲದೆ ಬಿಡುವುದಿಲ್ಲ. ಬುಡದ ಮುಳ್ಳೋಡಿಯಲ್ಲಿ ಊಟ, ಹಾಸಿಗೆ, ಜೀಪು ಎಲ್ಲ ಬೆರಳೆಣಿಕೆಯ ಮನೆಗಳವರದೇ. ಕುಮಾರಪರ್ವತದ ದಾರಿಯಲ್ಲಿ ಗಿರಿಗದ್ದೆಯ ಭಟ್ಟರ ಮನೆಯ ಅನ್ನ ಸಾರು ಉಣ್ಣದ ಹಳೆಯ ಚಾರಣಿಗನಿಲ್ಲ. ಕಾಡಿನ ನಡುವೆ ಒಂದು ಒಲೆ ಉರಿಯುತ್ತಿದೆ ಅನ್ನುವುದೇ ಅಲ್ಲಿ ಅರ್ಧ ಧೈರ್ಯ. ಶ್ರೀಶೈಲದ ದಾರಿಗೆ ಮುನ್ನೂರರ ಲೆಕ್ಕ ಹಾಕಲು ಯಾರಿಂದಲೂ ಆಗದು. ಮಗಳ ಮನೆಗೆ ಹೋಗಲು ಟಿಕೆಟ್ಟು ಅಂದರೆ ನಮ್ಮ ಹೆಂಗಸರು ಬಿಡುತ್ತಾರೆಯೇ? ನಾವು ಮಾಡಬಹುದಾದದ್ದು ಸಣ್ಣದು: ಹೊತ್ತು ತಂದ ಪ್ಲಾಸ್ಟಿಕ್ ಹೊತ್ತು ಒಯ್ಯುವುದು. ಇಷ್ಟಕ್ಕೂ ಕಟಕ ರೊಟ್ಟಿ ಬಿಳಿ ಅರಿವೆಯಲ್ಲಿ ಬರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಬರುವುದು ದಾರಿಯಲ್ಲಿ ಪುಕ್ಕಟೆ ಸಿಕ್ಕದ್ದು.

ಹೊಸ ಹುಡುಗರ ರೀತಿಯೂ ಬದಲಾಗಿದೆ. ಕಂಬಿಯ ಹೆಜ್ಜೆಗೆ ಕಾಯುವ ತಾಳ್ಮೆ ಇಲ್ಲ. ನಾಲ್ಕೇ ದಿನದಲ್ಲಿ ಮುಗಿಸಿದೆ ಅನ್ನುವ ಪಂಥ, ಕೊಳ್ಳದ ಅಂಚಿನಲ್ಲಿ ರೀಲ್ಸು. ಜನ ಹೆಚ್ಚಿದ ಹಾಗೆ ಬಿಸಿಯೂ ಹೆಚ್ಚಿದೆ. 2022ರ ಮಾರ್ಚ್ ಕೊನೆಯಲ್ಲಿ, ಯುಗಾದಿಗೆ ಎರಡು ಮೂರು ದಿನ ಇರುವಾಗ, ಶ್ರೀಶೈಲದಲ್ಲಿ ಚಹಾದಂಗಡಿಯ ಹತ್ತಿರದ ಜಗಳ ಕನ್ನಡದವರಿಗೂ ಅಲ್ಲಿಯವರಿಗೂ ಹೊಡೆದಾಟವಾಗಿ ಅಂಗಡಿ, ವಾಹನ ಜಖಂ ಆದವು. ಆ ವರ್ಷ ನಮ್ಮೂರ ತಾಯಂದಿರು ಫೋನ್ ಕೈಯಲ್ಲಿ ಹಿಡಿದೇ ಕೂತಿದ್ದರು. ಬೀಗರ ಮನೆಯ ಜಗಳ ಅಂತ ಹಿರಿಯರು ನಗಿಸಲು ನೋಡಿದರು, ಯಾರೂ ನಗಲಿಲ್ಲ.

ಅದಕ್ಕೂ ಎರಡು ವರ್ಷ ಮುಂಚೆ, 2020ರ ಯುಗಾದಿ ಬಿದ್ದದ್ದು ಮಾರ್ಚ್ 25ಕ್ಕೆ, ದೇಶಕ್ಕೆಲ್ಲ ಬೀಗ ಬಿದ್ದ ದಿನವೇ. ಗುಡಿಯ ಬಾಗಿಲು ಹಾಕಿತ್ತು. ಕಾಕಾ ಆ ಬೆಳಗ್ಗೆ ಹೊಳೆಗೆ ಹೋಗಿ ಸ್ನಾನ ಮಾಡಿ, ಮೂಡಲಕ್ಕೆ ಮುಖ ಮಾಡಿ ನಿಂತಿದ್ದರು. ‘ನಾ ಹೋಗಲಿಲ್ಲಂದ್ರೇನು, ನೀರ ಹೊಂಟೈತಲ್ಲ’ ಅಂದರು.

ಅವರು ಹೇಳಿದ್ದು ಭೂಗೋಳದ ಲೆಕ್ಕಕ್ಕೂ ಸರಿ. ಮಹಾಬಳೇಶ್ವರದಿಂದ ಇಳಿದ ಕೃಷ್ಣೆ ನಮ್ಮ ಸೀಮೆಯ ಹಿಪ್ಪರಗಿ ಬ್ಯಾರೇಜು ದಾಟಿ, ರೈತರೇ ದುಡ್ಡು, ಮೈಬೆವರು ಸುರಿದು 1989ರಲ್ಲಿ ಕಟ್ಟಿದ ಚಿಕ್ಕಪಡಸಲಗಿ ಬ್ಯಾರೇಜು ದಾಟಿ, ಆಲಮಟ್ಟಿ, ನಾರಾಯಣಪುರ, ಜೂರಾಲ ಹಾಯ್ದು, ತುಂಗಭದ್ರೆಯನ್ನು ಕೂಡಿಕೊಂಡು ಶ್ರೀಶೈಲದ ಬುಡಕ್ಕೆ ಬರುತ್ತಾಳೆ. ಅಲ್ಲಿ ಅವಳ ಹೆಸರು ಪಾತಾಳಗಂಗೆ. ನಾವು ಬೆಟ್ಟ ಹತ್ತಿ ಇಳಿದು ಹೋಗುವ ಜಾಗಕ್ಕೆ ಅವಳು ಬೆಟ್ಟವನ್ನು ಸೀಳಿಕೊಂಡು ಬಂದಿರುತ್ತಾಳೆ. ಅವಳಿಗೆ ಕಂಬಿಯೂ ಬೇಡ, ಐಗೋಳೂ ಬೇಡ.

ಕೊನೆಯ ಸಲ ಹೋದಾಗ ಪಾತಾಳಗಂಗೆಗೆ ಕಾಕಾ ಮೆಟ್ಟಿಲಿಳಿದೇ ಬಂದರು, ರೋಪ್‌ವೇ ಬೇಡ ಅಂದರು. ಮುಳುಗು ಹಾಕಿ, ಜೋಳಿಗೆಯಿಂದ ಹಿತ್ತಾಳೆಯ ಗಿಂಡಿ ತೆಗೆದು ನೀರು ತುಂಬಿ, ಬಾಯಿಗೆ ಅರಿವೆ ಕಟ್ಟಿದರು. ಬಸ್ಸಿನಲ್ಲಿ ಇಡೀ ರಾತ್ರಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದರು. ತುಬಚಿಗೆ ಮುಟ್ಟಿದಾಗ ಬೆಳಕು ಹರಿದಿತ್ತು. ಕಾಕಿ ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟು, ಗಿಂಡಿ ಇಸಕೊಂಡು, ಅರಿವೆ ಬಿಚ್ಚಿ ನೋಡಿ ಕೇಳಿದರು:

‘ಇದು ನಮ್ಮ ಹೊಳೀ ನೀರ ಅಲ್ಲೇನ್ರೀ?’

‘ಹೌದ,’ ಅಂದರು ಕಾಕಾ, ಹೊಸ್ತಿಲ ಮೇಲೆ ಕೂತು ಕಾಲಿನ ಗುಳ್ಳೆಯೊಳಗಿನ ದಾರ ಎಳೆಯುತ್ತಾ. ‘ಬೀಗರ ಊರ ನೋಡಿ ಬಂದೈತಿ. ಜಗಲಿ ಮ್ಯಾಲ ಇಡು.’

ಮುಂದಿನ ವರ್ಷಕ್ಕೆ ರೊಟ್ಟಿ ಹೆಚ್ಚು ಬಡಿಯಬೇಕು ಅಂತಲೂ ಹೇಳಿದರು. ಪೆದ್ದಚೆರುವಿನ ಹತ್ತಿರ ಕೊಡಲಿಕ್ಕೆ.